ಕುಗ್ಗಿದ ಪೊರೆ

ಕುಮಟೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ಎಂದು ಬೋರ್ಡು ಹಾಕಿಕೊಂಡು ಕೂತ ಹೊಸದರಲ್ಲಿ ನನ್ನನ್ನು ಜನ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಪ್ಲಾಸ್ಟಿಕ್ಕು ಎಲ್ಲಿಂದ ತರಿಸ್ತ್ರಿ?” ಸ್ಟೋವ್ ಸಿಡಿದು ಸುಟ್ಟ ಕುತ್ತಿಗೆ, ಸೀಳುತುಟಿಯ ಕೂಸು, ಬೋಟಿನ ಹಗ್ಗಕ್ಕೆ ಸಿಕ್ಕಿ ತುಂಡಾದ ಬೆರಳು – ನನ್ನ ದಿನಗಳು ಇವುಗಳಲ್ಲೇ ಕಳೆದವು. ಮಂಗಳವಾರ ಹೊನ್ನಾವರ, ಗುರುವಾರ ಭಟ್ಕಳ, ಉಳಿದ ದಿನ ಕುಮಟೆ. ಪ್ಲಾಸ್ಟಿಕ್ ಎಂದರೆ ಗ್ರೀಕರ ಕಾಲದಿಂದ ಬಂದ ಶಬ್ದ, ರೂಪ ಕೊಡುವುದು ಎಂದರ್ಥ ಅಂತ ಮೊದಮೊದಲು ವಿವರಿಸುತ್ತಿದ್ದೆ. ಆಮೇಲೆ ಬಿಟ್ಟುಬಿಟ್ಟೆ.

ಈಗ ನಿವೃತ್ತಿಯಾಗಿದೆ. ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು “ನಿಮ್ಮ ಮರೆಯಲಾಗದ ಕೇಸು ಯಾವುದು ಮೇಡಂ?” ಎಂದು ಕೇಳುತ್ತಾರೆ. ಜೋಡಿಸಿದ ಬೆರಳಿನ ಕಥೆ, ಮುಚ್ಚಿದ ತುಟಿಯ ಕಥೆ ಹೇಳಿ ಕಳಿಸುತ್ತೇನೆ. ಅವು ಚೆನ್ನಾಗಿ ಮುಗಿದ ಕಥೆಗಳು. ಚೆನ್ನಾಗಿ ಮುಗಿಯದ ಒಂದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಅದು ಪುಸ್ತಕದಲ್ಲಿ ಸಿಗುವುದಿಲ್ಲ. ಹೆಸರುಗಳನ್ನು ಬದಲಿಸಿದ್ದೇನೆ.

ಸುಮಿತ್ರಾ ಹೊನ್ನಾವರದಲ್ಲಿ ಬ್ಲೌಸ್ ಹೊಲಿಯುವವಳು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳದೊಂದು ಸಣ್ಣ ಅಂಗಡಿ. ಒಂದು ಮಂಗಳವಾರ ಮಧ್ಯಾಹ್ನ, ನನ್ನ ಕೊನೆಯ ಪೇಶಂಟ್ ಹೋದ ಮೇಲೆ, ಗಂಡನ ಜೊತೆ ಒಳಗೆ ಬಂದಳು. ಗಂಡ ಗಣಪತಿ ಟೆಂಪೋ ಓಡಿಸುವವನು, ಮಾತು ಕಡಿಮೆ. ಕುರ್ಚಿಯ ತುದಿಯಲ್ಲಿ ಕೂತು, ಚಪ್ಪಲಿ ಹೊರಗೆ ಬಿಟ್ಟು ಬಂದದ್ದು ಸರಿಯೋ ಅಲ್ಲವೋ ಎನ್ನುವ ಹಾಗೆ ಬಾಗಿಲ ಕಡೆ ನೋಡುತ್ತಿದ್ದ.

“ಎಂತ ಆತು?” ಎಂದೆ.

“ಎದೆ ಕಲ್ಲಾಗಿದೆ ಡಾಕ್ಟ್ರೇ,” ಎಂದಳು ಸುಮಿತ್ರಾ. “ಎಡಗಡೆ. ಆ ಬದಿಗೆ ಮಲಗ್ಲಿಕ್ಕೆ ಆಗೂದಿಲ್ಲ. ಚಳಿಗಾಲದಲ್ಲಿ ಅಲ್ಲಿ ಕೈಯಿಟ್ರೆ ನನ್ನ ಮೈಯೇ ಅಲ್ಲ ಅನ್ನೂ ಹಂಗೆ ತಣ್ಣಗಿರ್ತದೆ.”

ಅವಳ ಕಥೆ ಹುಟ್ಟಿದಾಗಿನಿಂದ ಶುರುವಾಗುತ್ತದೆ. ಹಸುಗೂಸಾಗಿದ್ದಾಗ ಎದೆಯ ಮೇಲೆ ಕುರುವಾಗಿತ್ತು. ಊರಿನ ಯಾರೋ ಕೊಯ್ದು ಕೀವು ತೆಗೆದರು. ಕೂಸು ಬದುಕಿತು, ಆದರೆ ಕೊಯ್ದ ಜಾಗದಲ್ಲಿ ಮುಂದೆ ಸ್ತನವಾಗಿ ಬೆಳೆಯಬೇಕಾಗಿದ್ದ ಮೊಗ್ಗು ಹಾಳಾಯಿತು. ಹರೆಯ ಬಂದಾಗ ಬಲಗಡೆ ಮಾತ್ರ ಬೆಳೆಯಿತು. ಊರಿನ ಹೆಂಗಸರಿಗೆಲ್ಲ ಅಳತೆ ತೆಗೆದು ಹೊಲಿಯುವವಳು ತನ್ನ ಬ್ಲೌಸಿನೊಳಗೆ ಎಡಗಡೆಗೆ ಹತ್ತಿ ತುಂಬಿ ಹೊಲಿದುಕೊಳ್ಳುತ್ತಿದ್ದಳು. ಮದುವೆಗೆ ಮೊದಲು, ತಾನೇ ದುಡಿದ ಹಣದಲ್ಲಿ, ದೂರದ ಊರಿನ ದೊಡ್ಡ ಆಸ್ಪತ್ರೆಗೆ ಹೋಗಿ ಎಡಗಡೆಗೆ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿಕೊಂಡಳು. ತಾಯಿಯೊಬ್ಬಳಿಗೆ ಗೊತ್ತಿತ್ತು. ಗಣಪತಿಗೆ ಮದುವೆಗೆ ಮೊದಲೇ ತಾನಾಗಿ ಹೇಳಿದಳಂತೆ.

“ಅದಕ್ಕೆ ಅವರು ಎಂತ ಅಂದ್ರು?” ಎಂದು ಕೇಳಿದೆ.

“ಆತು ಅಂದ್ರು. ಅಷ್ಟೇ.”



ಓದುತ್ತಿರುವ ಎಳೆಯರಿಗಾಗಿ ಒಂದು ಮಾತು. ದೇಹದೊಳಗೆ ಹೊರಗಿನ ವಸ್ತು ಯಾವುದನ್ನೇ ಇಡಿ, ದೇಹ ಅದರ ಸುತ್ತ ತೆಳ್ಳಗಿನ ಪೊರೆ ಕಟ್ಟುತ್ತದೆ. ಇದು ಎಲ್ಲರಲ್ಲೂ ಆಗುವಂಥದ್ದು, ರೋಗವಲ್ಲ. ಆದರೆ ಕೆಲವರಲ್ಲಿ ಆ ಪೊರೆ ದಪ್ಪವಾಗಿ, ಕುಗ್ಗಿ, ಒಳಗಿನ ಇಂಪ್ಲಾಂಟನ್ನು ಹಿಂಡತೊಡಗುತ್ತದೆ. ಸ್ವಲ್ಪ ಕುಗ್ಗಿದರೆ ಮುಟ್ಟಿದಾಗ ಮಾತ್ರ ಬಿಗಿ. ಹೆಚ್ಚು ಕುಗ್ಗಿದರೆ ಆಕಾರ ಕೆಟ್ಟು ಮೇಲಕ್ಕೆ ಸರಿಯುತ್ತದೆ. ಕೊನೆಯ ಹಂತದಲ್ಲಿ ಗಟ್ಟಿ, ತಣ್ಣಗೆ, ನೋವು. ಯಾಕೆ ಒಬ್ಬರಲ್ಲಿ ಹೀಗಾಗಿ ಇನ್ನೊಬ್ಬರಲ್ಲಿ ಆಗುವುದಿಲ್ಲ ಎಂಬುದು ಪೂರ್ತಿಯಾಗಿ ಇಂದಿಗೂ ಗೊತ್ತಿಲ್ಲ. ಕಣ್ಣಿಗೆ ಕಾಣದಷ್ಟು ಕ್ರಿಮಿ ಸೋಂಕು, ಒಳಗೆ ಕಟ್ಟಿಕೊಂಡ ರಕ್ತ, ಹೀಗೆ ಕೆಲವು ಕಾರಣಗಳನ್ನು ಹೇಳುತ್ತೇವೆ. ಈಗಿನವರು ಇಂಪ್ಲಾಂಟನ್ನು ಬರಿಗೈ ಹಾಗಿರಲಿ, ಗ್ಲೌಸ್ ಹಾಕಿದ ಕೈಯಲ್ಲೂ ಹೆಚ್ಚು ಮುಟ್ಟದೆ ಒಳಗೆ ಜಾರಿಸುತ್ತಾರೆ, ಜಾಗವನ್ನು ಔಷಧಿಯ ನೀರಿನಲ್ಲಿ ತೊಳೆಯುತ್ತಾರೆ. ನಮ್ಮ ಹಿಂದಿನವರಿಗೆ ಇಷ್ಟೆಲ್ಲ ತಿಳಿದಿರಲಿಲ್ಲ.

ಸುಮಿತ್ರಾಳಿಗೆ ಇದು ಮೊದಲು ತಿಳಿದದ್ದು ಕನ್ನಡಿಯಲ್ಲಲ್ಲ, ಬ್ಲೌಸಿನಲ್ಲಿ. ಮದುವೆಯಾಗಿ ಎರಡನೇ ವರ್ಷಕ್ಕೇ ಎದೆಯ ಆಕಾರಕ್ಕೆಂದು ಹಿಡಿಯುವ ಮಡಿಕೆ, ಎಡಗಡೆಯ ಟಕ್ಸ್, ಹೊಂದದಾಯಿತು. ಮತ್ತೆ ಅದೇ ಆಸ್ಪತ್ರೆಗೆ ಹೋದಳು. ಅಲ್ಲಿಯ ದೊಡ್ಡ ಡಾಕ್ಟರು ಅವಳನ್ನು ಮಲಗಿಸಿ, ಎರಡೂ ಕೈಯಲ್ಲಿ ಸ್ತನವನ್ನು ಹಿಡಿದು ಬಲವಾಗಿ ಹಿಂಡಿದರು.

“ಒಳಗೆ ಟಪ್ ಅಂತು. ಕೂಡ್ಲೇ ಮೆತ್ತಗಾತು. ನಂಗೆ ಎಷ್ಟು ಖುಷಿಯಾತು ಅಂದ್ರೆ, ನೋವಿದ್ರೂ ನಗ್ತಾ ಎದ್ದೆ. ಡಾಕ್ಟ್ರು ಮಾತ್ರ ನಗ್ಲಿಲ್ಲ. ಕೈ ತೊಳೀಲಿಕ್ಕೆ ಹೋದೋರು ತಿರುಗಿ ಬರ್ಲೇ ಇಲ್ಲ.”

ಕೆಲವು ತಿಂಗಳಲ್ಲೇ ಅದು ಮೊದಲಿಗಿಂತ ಗಟ್ಟಿಯಾಗಿ, ಒಂದು ಕಡೆ ಉಬ್ಬಿಕೊಂಡು, ಉರಿಯತೊಡಗಿತು. ಮತ್ತೆ ಹೋದಾಗ ಬೇರೆ ಯಾರೋ ನೋಡಿ ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಇನ್ನೊಂದು ಸಲವೂ ಹಾಗೇ ಆಯಿತು. ಆಮೇಲೆ ಅವಳು ಹೋಗುವುದನ್ನೇ ನಿಲ್ಲಿಸಿದಳು. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು.

ಆಸ್ಪತ್ರೆಯ ಹೆಸರು, ಡಾಕ್ಟರ ಹೆಸರು ಹೇಳಿದಳು. ನಾನು ಪೆನ್ನು ಕೆಳಗಿಟ್ಟೆ. ಅವರು ನನಗೆ ವಿದ್ಯೆ ಕಲಿಸಿದವರು. ನಾವೆಲ್ಲ ಅವರನ್ನು ದೊಡ್ಡ ಸರ್ ಎಂದು ಕರೆಯುತ್ತಿದ್ದೆವು. ಸುಮಿತ್ರಾ ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದ ಮೇಲೆ ನಾನು ಅವರ ಯುನಿಟ್ಟಿಗೆ ಸೇರಿದ್ದೆ. ಹೀಗೆ ಹಿಂಡಿ ಪೊರೆ ಒಡೆಯುವ ಪದ್ಧತಿ ಒಂದು ಕಾಲದಲ್ಲಿ ಎಲ್ಲ ಕಡೆ ಇತ್ತು. ಕೊಯ್ಯುವ ಕೆಲಸವಿಲ್ಲ, ಐದು ನಿಮಿಷದಲ್ಲಿ ಮುಗಿಯುತ್ತದೆ ಎಂಬುದೇ ಅದರ ಆಕರ್ಷಣೆ. ಆದರೆ ಒಡೆಯುವುದು ಪೊರೆಯೋ ಇಂಪ್ಲಾಂಟೋ ಎಂದು ಹೊರಗಿನಿಂದ ಹೇಳುವವರು ಯಾರು? ದೊಡ್ಡ ಸರ್ ನಮಗೆ ಮೊದಲ ವಾರವೇ ಕಟ್ಟಪ್ಪಣೆ ಮಾಡಿದ್ದರು: “ಕೈಯಲ್ಲಿ ಹಿಂಡುವುದು ಈ ಯುನಿಟ್ಟಿನಲ್ಲಿಲ್ಲ. ಯಾರಾದರೂ ಹಿಂಡಿದ್ದು ಕಂಡರೆ ಅವತ್ತೇ ಹೊರಗೆ.” ಅವರಂಥ ಜಾಗರೂಕ ಶಸ್ತ್ರವೈದ್ಯರನ್ನು ನಾನು ನೋಡಿಲ್ಲ.

ಸುಮಿತ್ರಾಳಿಗೆ ಆ ದಿನ ನಾನು ಅವರ ಶಿಷ್ಯೆ ಎಂದು ಹೇಳಿದೆ. ಬೇಕಾದರೆ ಬೇರೆಯವರ ಹತ್ತಿರ ಕಳಿಸುತ್ತೇನೆ ಎಂದೂ ಹೇಳಿದೆ. 

“ನೀವೇ ನೋಡಿ. ಬೇರೆಯವರಿಗೆ ಮತ್ತೆ ಮೊದ್ಲಿಂದ ಹೇಳೂ ಶಕ್ತಿ ನಂಗಿಲ್ಲ.”

ಎಂ.ಆರ್.ಐ. ಮಾಡಿಸಿದೆವು. ಇಂಪ್ಲಾಂಟ್ ಒಡೆದಿತ್ತು, ಸಿಲಿಕೋನ್ ಪೊರೆಯಾಚೆಗೂ ಸೋರಿತ್ತು. ರಿಪೋರ್ಟ್ ಬಂದ ಮೇಲೆ ಇಬ್ಬರನ್ನೂ ಕೂರಿಸಿ ಇರುವ ದಾರಿಗಳನ್ನೆಲ್ಲ ಹೇಳಿದೆ. ಪೊರೆಗೆ ಅಲ್ಲಲ್ಲಿ ಗೀರು ಹಾಕಿ ಸಡಿಲಿಸಿ ಬಿಡುವುದು ಒಂದು. ಸಣ್ಣ ಆಪರೇಶನ್, ಆದರೆ ಇಷ್ಟು ದಪ್ಪ ಪೊರೆಗೆ, ಅದೂ ಒಡೆದ ಇಂಪ್ಲಾಂಟಿಗೆ ಅದು ಸಾಲದು. ಪೊರೆಯನ್ನೂ ಇಂಪ್ಲಾಂಟನ್ನೂ ತೆಗೆದು, ಎದೆಯ ಸ್ನಾಯುವಿನ ಕೆಳಗೆ ಹೊಸ ಜಾಗ ಮಾಡಿ ಹೊಸ ಇಂಪ್ಲಾಂಟ್ ಇಡುವುದು ಎರಡನೆಯದು. ಅದರ ಸುತ್ತ ಸಂಸ್ಕರಿಸಿದ ಚರ್ಮದ ಹಾಳೆಯೊಂದನ್ನು ಹೊದಿಸಿದರೆ ಮತ್ತೆ ಕುಗ್ಗುವುದು ಕಡಿಮೆ ಎನ್ನುತ್ತಾರೆ, ಆದರೆ ಅದು ನಮ್ಮ ಕಡೆಯವರ ಕೈಗೆಟಕುವುದಲ್ಲ. ಮೂರನೆಯದು, ಎಲ್ಲ ತೆಗೆದು ಏನೂ ಇಡದೆ ಮುಚ್ಚುವುದು. ಬೇಕಿದ್ದರೆ ಮುಂದೆ ಹೊಟ್ಟೆಯ ಕೊಬ್ಬನ್ನು ಸ್ವಲ್ಪಸ್ವಲ್ಪವಾಗಿ ಅಲ್ಲಿ ತುಂಬಬಹುದು. ಆದರೆ ತುಂಬಿದ್ದೆಲ್ಲ ಉಳಿಯುವುದಿಲ್ಲ, ಎರಡೂ ಸಮ ಆಗುವುದಿಲ್ಲ.

“ಒಳಗಿನ ಲೈನಿಂಗ್ ಕುಗ್ಗಿದ್ರೆ ಮೇಲಿನ ಬಟ್ಟೆ ಮುದುಡ್ತದೆ. ಲೈನಿಂಗೇ ತೆಗೀಬೇಕು ಅಂತ್ರಿ,” ಎಂದಳು.

“ಹೌದು. ಆದ್ರೆ ಹೊಸತು ಹಾಕಿದ್ರೆ ಅದೂ ಕುಗ್ಗಬಹುದು. ಒಮ್ಮೆ ಕುಗ್ಗಿದವರಲ್ಲಿ ಮತ್ತೆ ಕುಗ್ಗೂದು ಜಾಸ್ತಿ.”

ಗಣಪತಿ ಆಗ ಮೊದಲ ಸಲ ಬಾಯಿ ತೆರೆದ. “ಅವಳಿಗೆ ನಿದ್ದೆ ಬರ್ಬೇಕು ಡಾಕ್ಟ್ರೇ. ನಂಗೆ ಬೇರೆಂತದೂ ಬೇಡ.”

ಸುಮಿತ್ರಾ ಗಂಡನ ಕಡೆ ನೋಡಲಿಲ್ಲ. “ನಂಗೆ ಬೇಕು,” ಎಂದಳು. “ಇನ್ನೊಂದ್ಸಲ ಸರಿ ಆಗ್ತದಾ ನೋಡ್ವ. ಕನ್ನಡಿ ಎದ್ರಿಗೆ ನಾನೂ ಒಂದ್ಸಲ ಸರಿ ನಿಲ್ಬೇಕು.”

ಆಪರೇಶನ್ ಕುಮಟೆಯಲ್ಲೇ ಮಾಡಿದೆ. ಪೊರೆ ಮೊಟ್ಟೆಯ ಸಿಪ್ಪೆಯ ಹಾಗಿತ್ತು, ಸುಣ್ಣ ಕಟ್ಟಿ ಕತ್ತರಿಗೆ ಕರಕರ ಎನ್ನುತ್ತಿತ್ತು. ಹಿಂಭಾಗ ಪಕ್ಕೆಲುಬಿಗೆ ಅಂಟಿಕೊಂಡಿತ್ತು. ಅಲ್ಲಿ ಎಳೆದರೆ ಶ್ವಾಸಕೋಶದ ಗೂಡಿಗೇ ತೂತು ಬೀಳುತ್ತದೆ. ಒಂದೊಂದು ಪಕ್ಕೆಲುಬಿನಿಂದಲೂ ಬಿಡಿಸಿ ಬಿಡಿಸಿ ತೆಗೆದೆ. ಎಳೆಯರು ನೆನಪಿಡಿ: ಇಂಥಲ್ಲಿ ಪೊರೆ ಪೂರ್ತಿ ಬರಲೇಬೇಕೆಂಬ ಹಟ ಬೇಡ. ಎದೆಗೂಡಿಗೆ ಅಪಾಯ ಎನಿಸಿದರೆ ಅಲ್ಲಿಯ ತುಣುಕನ್ನು ಬಿಟ್ಟು ಬರುವುದೂ ವಿದ್ಯೆಯೇ. ಸ್ನಾಯುವಿನ ಕೆಳಗೆ ಹೊಸ ಇಂಪ್ಲಾಂಟ್ ಇಟ್ಟು ಮುಚ್ಚಿ, ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದೆ. ಕ್ಯಾನ್ಸರಿನಂಥದ್ದೇನೂ ಇರಲಿಲ್ಲ.

ಒಂದೂವರೆ ವರ್ಷ ಅವಳು ಸಂತೋಷವಾಗಿದ್ದಳು. ಹೊಸ ಬ್ಲೌಸ್ ಹೊಲಿದುಕೊಂಡು ತೋರಿಸಲು ಬಂದಿದ್ದಳು. ಆಮೇಲೆ ಒಂದು ಮಂಗಳವಾರ ಬಂದು ಕೂತಾಗ ಮುಖ ನೋಡಿಯೇ ತಿಳಿಯಿತು.

“ಮತ್ತೆ ಬಿಗೀತಾ ಅದೆ,” ಎಂದಳು. “ನೀವು ಹೇಳಿದ್ರಿ ಬಿಡಿ. ನಂಗೆ ಗೊತ್ತಿತ್ತು.”

ಈ ಸಲ ತೆಗೆಸಿಬಿಡುವುದು ಎಂದು ಅವಳೇ ನಿರ್ಧರಿಸಿದಳು. ತೆಗೆದೆ. ಗಾಯ ಮಾಗಿದ ಮೇಲೆ ಎರಡು ಸಲ ಕೊಬ್ಬು ತುಂಬಿದೆ. ಅರ್ಧಕ್ಕರ್ಧ ಉಳಿಯಿತು. ಬಲಗಡೆಯ ಸಮ ಆಗಲಿಲ್ಲ. ಆದರೆ ಮುಟ್ಟಿದರೆ ಮೆತ್ತಗೆ, ಬೆಚ್ಚಗೆ. ಎಡಮಗ್ಗುಲಿಗೆ ಮಲಗುತ್ತಾಳೆ ಎಂದು ಗಣಪತಿ ಫೋನಿನಲ್ಲಿ ಹೇಳಿದ. ಅವನು ನನಗೆ ಫೋನ್ ಮಾಡಿದ್ದು ಅದೊಂದೇ ಸಲ.

ಅದೇ ಕಾಲದಲ್ಲಿ ಭಟ್ಕಳದ ಒಬ್ಬ ಹೆಂಗಸು ಅತ್ತೆಯ ಜೊತೆ ನನ್ನ ಹತ್ತಿರ ಬಂದಳು. ಗಂಡ ದುಬೈಯಲ್ಲಿ, ಇಂಪ್ಲಾಂಟ್ ಹಾಕಿಸಿದ್ದೂ ಅಲ್ಲಿಯೇ. ಅವಳದು ಒರಟು ಮೈಯ ಇಂಪ್ಲಾಂಟ್. ಅಂಥವುಗಳ ಸುತ್ತ ಅಪರೂಪಕ್ಕೆ ಒಂದು ಬಗೆಯ ಕ್ಯಾನ್ಸರ್ ಬರುತ್ತದೆ ಎಂದು ತಿಳಿದ ಮೇಲೆ ಆ ಆಸ್ಪತ್ರೆಯವರು ತಾವಾಗಿಯೇ ಫೋನ್ ಮಾಡಿ, ಊತ ಬಂದರೆ, ಗಟ್ಟಿಯಾದರೆ ಕೂಡಲೇ ತೋರಿಸಿ ಎಂದಿದ್ದರಂತೆ. ಅತ್ತೆ ಉರ್ದು ಬೆರೆತ ಕನ್ನಡದಲ್ಲಿ ನನ್ನನ್ನು ಒಂದೊಂದಾಗಿ ಕೇಳಿದರು, ಸೊಸೆ ತಲೆಯಾಡಿಸಿದಳು. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಪೊರೆ ಸ್ವಲ್ಪ ಬಿಗಿದಿತ್ತು ಅಷ್ಟೆ. ಬೇಗ ಬಂದದ್ದರಿಂದ ಒಂದೇ ಆಪರೇಶನ್ನಿನಲ್ಲಿ ಮುಗಿಯಿತು. ಸಮುದ್ರದಾಚೆಯಿಂದ ಒಂದು ಫೋನ್ ಬಂದದ್ದು ಆ ಹೆಂಗಸಿನ ಎಷ್ಟು ವರ್ಷಗಳನ್ನು ಉಳಿಸಿತು ಎಂದು ಆಗ ಯೋಚಿಸಿದ್ದೆ.

ಸುಮಿತ್ರಾ ಕೊನೆಯ ಸಲ ತೋರಿಸಲು ಬಂದ ದಿನ, ಹೊರಡುವಾಗ ಕೇಳಿದಳು: “ಆ ಡಾಕ್ಟ್ರು ಇದ್ದಾರಾ?”

ಇದ್ದರು. ನಿವೃತ್ತರಾಗಿ ಕುಮಟೆಯ ಬಗ್ಗೋಣದಲ್ಲಿ ತಮ್ಮನ ಮನೆಯ ಪಕ್ಕ ಇದ್ದರು. ಎಂಬತ್ತು ದಾಟಿತ್ತು.

“ನಂಗೆ ಅವರನ್ನ ಒಂದ್ಸಲ ನೋಡ್ಬೇಕು. ಗಲಾಟೆ ಮಾಡೂದಿಲ್ಲ. ಅವತ್ತು ಎಂತ ಆತು ಅಂತ ಕೇಳ್ಬೇಕು.”

ಫೋನ್ ಮಾಡಿ ಅವಳ ಹೆಸರು ಹೇಳಿದೆ.   “ಕರಕೊಂಡು ಬಾ,” ಎಂದರು.

ಒಂದು ಭಾನುವಾರ ಬೆಳಿಗ್ಗೆ ಹೋದೆವು. ಗಣಪತಿ ಟೆಂಪೋದಲ್ಲೇ ಉಳಿದ. ದೊಡ್ಡ ಸರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜಗಲಿಯಲ್ಲಿ ಕಾಯುತ್ತಿದ್ದರು. ಕೋಲು ಊರಿ ಎದ್ದು ನಿಂತರು. ಸುಮಿತ್ರಾ ಕೂರಲಿಲ್ಲ.

“ನನ್ನ ಗುರ್ತು ಸಿಕ್ಕಿತಾ ಸರ್?”

“ಸಿಕ್ತು. ಹೊನ್ನಾವರ. ಹೊಲಿಗೆ ಕೆಲಸ ಮಾಡ್ತಿದ್ದೆ. ಎಡಗಡೆ.”

“ಅವತ್ತು ಎಂತ ಆತು ಸರ್?”

ಅವರು ತಮ್ಮ ಕೈಗಳನ್ನು ನೋಡಿಕೊಂಡರು. “ಪೊರೆ ಒಡೀಬೇಕಿತ್ತು. ಒಳಗಿನದ್ದೂ ಒಡೀತು. ಕೆಲವು ಸಲ ಕೈಗೆ ಗೊತ್ತಾಗ್ತದೆ. ಅದೇ ಕೊನೆ, ಆಮೇಲೆ ಯಾರಿಗೂ ಹಾಗೆ ಮಾಡ್ಲಿಲ್ಲ. ನನ್ನ ಕೆಳಗಿನವರಿಗೆ ಮಾಡ್ಲಿಕ್ಕೆ ಬಿಡ್ಲೂ ಇಲ್ಲ.”

“ಅವತ್ತೇ ಗೊತ್ತಾತಾ?”

“ಹೌದು.”

ಸುಮಿತ್ರಾ ನನ್ನ ಕಡೆ ಒಮ್ಮೆ ನೋಡಿದಳು. ಮತ್ತೆ ಅವರ ಕಡೆ ತಿರುಗಿದಳು. ದನಿ ಏರಲಿಲ್ಲ.

“ಹಂಗಾದ್ರೆ ಬೇರೆಯವರಿಗೆಲ್ಲ ನಿಲ್ಸಿದ್ರಿ. ನಂಗೆ ಹೇಳ್ಲಿಲ್ಲ.”

“ನೀನು ನಗ್ತಿದ್ದೆ,” ಎಂದರು ದೊಡ್ಡ ಸರ್. “ಮೆತ್ತಗಾತು ಸರ್, ಮೆತ್ತಗಾತು ಅಂತ. ಆ ಮುಖಕ್ಕೆ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ನಾಳೆ ಹೇಳ್ವ ಅಂತ ಮಾಡಿದೆ. ಮತ್ತೆ ನೀನು ಬಂದಾಗ ನಾನು ಒಳಗೇ ಇದ್ದೆ. ಇಲ್ಲ ಅಂತ ಹೇಳ್ಸಿದೆ.”

ನಾನು ಅವರ ಶಿಷ್ಯೆಯಾಗಿ ಕಳೆದ ವರ್ಷಗಳಲ್ಲಿ ಅವರು ಯಾರ ಮುಂದೂ ತಲೆ ತಗ್ಗಿಸಿದ್ದನ್ನು ಕಂಡಿರಲಿಲ್ಲ. ಅವರು ನಮಗೆ ಹಾಕಿದ ಆ ಕಟ್ಟುನಿಟ್ಟಿನಿಂದ ಎಷ್ಟೋ ಹೆಂಗಸರು ಪಾರಾದರು, ನಿಜ. ಆ ಪಾಠ ಯಾರ ಮೈಮೇಲೆ ಕಲಿತದ್ದೋ ಅವಳಿಗೆ ಮಾತ್ರ ಅದರಿಂದ ಏನೂ ಸಿಗಲಿಲ್ಲ.

ಅವರು ಕೈ ಮುಗಿದರು. ಕೋಲು ಜಾರಿ ಬಿತ್ತು.

“ಕೈ ಮುಗೀಬೇಡಿ ಸರ್,” ಎಂದಳು ಸುಮಿತ್ರಾ. “ನಂಗೆ ಅದು ಬೇಡ. ಒಂದು ಕಾರ್ಡು ಬರೆದಿದ್ರೆ ನಾನು ಬರ್ತಿದ್ದೆ. ಆಗ ನಂಗೆ ಇಪ್ಪತ್ತಾರು.” ಬಾಗಿ ಕೋಲೆತ್ತಿ ಅವರ ಕೈಗೆ ಕೊಟ್ಟಳು. ಆಮೇಲೆ ಕೇಳಿದಳು: “ನನ್ನ ಹಂಗೆ ಇನ್ಯಾರಾದ್ರೂ ಇದ್ದಾರಾ?”

ಅವರು ಯೋಚಿಸಿ ಇಬ್ಬರನ್ನು ಹೇಳಿದರು. ಸುಮಿತ್ರಾಳಿಗಿಂತ ಮೊದಲು ದೊಡ್ಡ ಸರ್ ಹಾಗೇ ಹಿಂಡಿದ್ದವರು. ಒಳಗೆ ಒಡೆದಿತ್ತೋ ಇಲ್ಲವೋ ದೊಡ್ಡ ಸರ್‌ಗೂ ತಿಳಿಯದು. ಒಬ್ಬಾಕೆ ಅಂಕೋಲೆಯವರು. ತೀರಿಕೊಂಡದ್ದನ್ನು ಆಮೇಲೆ ವಿಚಾರಿಸಿ ತಿಳಿದೆ, ಬೇರೆ ಕಾಯಿಲೆ. ಇನ್ನೊಬ್ಬರು ಭಟ್ಕಳದ ಹತ್ತಿರದ ಬೆಳಕೆಯವರು, ದೊಡ್ಡ ಗಡ್ಡೆ ತೆಗೆದ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡಿದ್ದವರು.

ಟೆಂಪೋ ಹತ್ತುವಾಗ ಸುಮಿತ್ರಾ ನನ್ನ ಕೈ ಹಿಡಿದುಕೊಂಡಳು. “ಆ ಬೆಳಕೆಯವ್ರಿಗೆ ಹೇಳಿ ಡಾಕ್ಟ್ರೇ. ಅವರಿಗಾದ್ರೂ ಗೊತ್ತಾಗ್ಲಿ.”

ಮುಂದಿನ ಗುರುವಾರ ಭಟ್ಕಳದ ಕೆಲಸ ಮುಗಿಸಿ ಬೆಳಕೆಗೆ ಹೋದೆ. ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಮಗ ಬಲೆ ರಿಪೇರಿ ಮಾಡುತ್ತಿದ್ದ, ಸೊಸೆ ಬಾಗಿಲಲ್ಲಿದ್ದಳು. ಅಮ್ಮನ ಹಳೇ ಪರಿಚಯ ಎಂದೆ. ಅರವತ್ತು ದಾಟಿದ ಹೆಂಗಸು ಹೊರಗೆ ಬಂದರು. ಯಾವ ಕಾಯಿಲೆ ಎಂದು ಹೇಳದೆ, ದೊಡ್ಡ ಸರ್ ಹೆಸರು ಮಾತ್ರ ಹೇಳಿ, ಅವರ ಹತ್ತಿರ ನೀವು ಬರುತ್ತಿದ್ದಿರಂತೆ ಎಂದೆ.

“ನಂಗೆ ಯಾವ ಡಾಕ್ಟ್ರೂ ಗುರ್ತಿಲ್ಲ,” ಎಂದರು. “ನಿಮ್ಗೆ ಮನೆ ತಪ್ಪಿದೆ.”

“ಅತ್ತೆ ಆಸ್ಪತ್ರೆ ಮೆಟ್ಲೇ ಹತ್ತಿದವ್ರಲ್ಲ,” ಎಂದಳು ಸೊಸೆ.

ಆಕೆ ಒಣಗಿದ ಬಟ್ಟೆ ತೆಗೆಯಲು ಹೋದರು. ತಂತಿಗೆ ಬಲಗೈ ಮಾತ್ರ ಚಾಚುತ್ತಿದ್ದರು. ಎಡಗೈ ಪಕ್ಕೆಗೆ ಒತ್ತಿಕೊಂಡೇ ಇತ್ತು. ನಾನು ಬಂದ ದಾರಿಯಲ್ಲೇ ಹಿಂದಿರುಗಿದೆ.

ಇದನ್ನು ಹೇಳಿದಾಗ ಸುಮಿತ್ರಾ ಹೊಲಿಗೆ ನಿಲ್ಲಿಸಿದಳು. “ಮಗನ ಎದ್ರಿಗೆ ನಾನೂ ಹಾಗೇ ಹೇಳ್ತಿದ್ದೆ. ಒಬ್ರೇ ಇರ್ವಾಗ ಹೋಗಿ.”

ಮಳೆಗಾಲ ಕಳೆದ ಮೇಲೆ ಮತ್ತೆ ಹೋದೆ. ಆಕೆ ಒಬ್ಬರೇ ಇದ್ದರು. ಈ ಸಲ ಮನೆ ತಪ್ಪಿದೆ ಎನ್ನಲಿಲ್ಲ. ಒಳಗೆ ಕರೆದು ಚಾ ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ: ಅವತ್ತು ಹಿಂಡಿದ್ದು ಸರಿಯಾದ ಪದ್ಧತಿ ಆಗಿರಲಿಲ್ಲ, ಒಳಗೆ ಒಡೆದಿರಬಹುದು, ಈಗ ತೆಗೆಯುವ ದಾರಿ ಇದೆ, ಅದಕ್ಕೆ ಮೊದಲು ಒಂದು ಸ್ಕ್ಯಾನ್ ಸಾಕು.

“ನೋವು ಇದ್ಯಾ?” ಎಂದು ಕೇಳಿದೆ.

“ಅದೆ.”

“ತೆಗೆಸ್ವ. ನಾನೇ ಎಲ್ಲ ವ್ಯವಸ್ಥೆ ಮಾಡ್ತೇನೆ.”

ಆಕೆ ಲೋಟ ಕೆಳಗಿಟ್ಟರು. “ಗಡ್ಡೆ ತೆಗೆದದ್ದು ನಮ್ಮೋರಿಗೆ ಗೊತ್ತಿತ್ತು. ಒಳಗೆ ಇಟ್ಟದ್ದು ಅವರಿಗೂ ಗೊತ್ತಿರ್ಲಿಲ್ಲ. ನನ್ನ ಅಕ್ಕ ಮಾಡ್ಸಿದ್ದು. ಈಗ ಅವಳೂ ಇಲ್ಲ, ಅವರೂ ಇಲ್ಲ. ತೆಗೆಸಿದ್ರೆ ಮಕ್ಕಳಿಗೆ ಹೇಳ್ಬೇಕು. ಎಂತ ಅಂತ ಹೇಳ್ಲಿ?”

ನಾನು ಇನ್ನೂ ಏನೇನೋ ಹೇಳಿದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡರು. ಗೇಟಿನವರೆಗೆ ಬಂದು ಬೀಳ್ಕೊಟ್ಟರು.

“ಹೇಳ್ಲಿಕ್ಕೆ ಬಂದ್ರಿ, ದೊಡ್ಡದಾತು,” ಎಂದರು. “ಆಗ ಬಂದಿದ್ರೆ ಆಗ್ತಿತ್ತು. ಇನ್ನು ಬರ್ಬೇಡಿ. ಅದು ನನ್ನ ಸಂಗಡವೇ ಹೋಗ್ಲಿ.”